ಬೆನ್ನ ಮೇಲಿನ ಜಿರಳೆ

ಅವ್ವಾ,

ಹೋದ ವಾರ ಹೇಳಿದ್ದೆನಲ್ಲ, ಆ ಜಿರಳೆ ಹೊಡೆಯುವ ಕೆಲಸಕ್ಕೆ ಸೇರಿದೆ. ಕಂಪನಿಯ ಅಂಗಿಯ ಬೆನ್ನ ಮೇಲೆ ಅಂಗೈಯಗಲದ ಜಿರಳೆ ಚಿತ್ರವಿದೆ. ಇವತ್ತು ಮೊದಲ ಮನೆಯ ಯಜಮಾನಿ ಗೇಟಿನಲ್ಲೇ ತಡೆದಳು: “ಶಾಲು ಹೊದ್ಕೊಂಡು ಹಿಂಬಾಗಿಲಿಂದ ಬಾರಮ್ಮ. ಅಕ್ಕಪಕ್ಕದವರು ಏನಂದ್ಕೊಳ್ತಾರೆ?”

“ಜಿರಳೆ ನಿಮ್ಮದು, ನಾಚಿಕೆ ನನಗ್ಯಾಕೆ? ಮುಂಬಾಗಿಲು ತೆಗೀರಿ, ಇಲ್ಲಾಂದ್ರೆ ಹೊರಟೆ” ಅಂದೆ. ನನ್ನ ಕೆಲಸ ಹೋಯಿತೆಂದು ಜೊತೆಗಿದ್ದ ಮೇಸ್ತ್ರಿಯ ಮುಖ ಬಿಳುಚಿತು. ಆಕೆ ಗೊಣಗುತ್ತಲೇ ಬಾಗಿಲು ತೆಗೆದಳು.

ಔಷಧಿ ಹೊಡೆದು ಹೊರಬಂದರೆ ಪಕ್ಕದ ಮನೆಯಾಕೆ ಗೇಟಿನಲ್ಲಿ ಕಾಯುತ್ತಿದ್ದಳು: “ನಮ್ಮನೇಗೂ ಬಾ ತಾಯಿ, ಅಡುಗೆಮನೇಲಿ ಅವುಗಳದೇ ರಾಜ್ಯ!” ಮೇಸ್ತ್ರಿಗೆ ಹೋದ ಜೀವ ಬಂತು.

ಮಾಸ್ಕ್ ಕೊಟ್ಟಿದ್ದಾರೆ, ಕೆಮ್ಮಿಲ್ಲ. ನನ್ನದು ಆಫೀಸು ಕೆಲಸ ಅಂತ ಬೀದಿಗೆಲ್ಲ ಹೇಳಿದ್ದೀಯಂತೆ. ಅದಕ್ಕೇ ಕವರಿಗೆ ಹಾಕದೆ ಕಾರ್ಡಿನಲ್ಲಿ ಬರೆದಿದ್ದೇನೆ. ಅಂಚೆಯವನೂ ಓದಲಿ.

ಜಿರಳೆ ಹೊಡೆಯುವ ನಿನ್ನ ಮಗಳು