ಮರಳಿನಡಿ ಕೊಳೆಯುತ್ತಿರುವ ನಮ್ಮ ಮನೆಯ ಇಗರ್ಜಿ

ಮಾನ್ಯ ನೆಲಚಿತ್ರ ಸಂರಕ್ಷಣಾಧಿಕಾರಿಗಳೇ,

ನಮ್ಮ ನಡುಮನೆಯ ನೆಲ ಸಾಯುತ್ತಿದೆ. ಬೀದಿಯ ನೀರಿನ ಕೊಳವೆ ನಮ್ಮ ಹಿಂಗೋಡೆಯ ಹತ್ತಿರ ಒಡೆದಿದೆ. ನೀರು ಒಳಗೊಳಗೇ ಹರಿದು, ನೆಲದ ಚಿತ್ರದಲ್ಲಿ ಸಾವಿರದ ನಾನೂರು ವರ್ಷ ಅಲುಗಾಡದೆ ಕೂತಿದ್ದ ಹರಳುಗಲ್ಲುಗಳು ಕಿತ್ತು ಬರುತ್ತಿವೆ. ಕೊಳವೆ ಸರಿಪಡಿಸಲು ಅಗೆಯಬೇಕು. ಅಗೆಯಕೂಡದು ಎಂದು ಆಜ್ಞೆ ಹೊರಡಿಸಿದವರು ತಾವು. ಅದಕ್ಕೇ ಮಾದಬಾ ಊರಿನವರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಮೊದಲು ತಮ್ಮ ಹೆಸರಿಗೇ ಬರೆದ ಪತ್ರಗಳು ತಮ್ಮ ಕಪಾಟಿನಲ್ಲಿ ಬಹಳ ಚೆನ್ನಾಗಿ ಸಂರಕ್ಷಣೆಗೊಂಡಿವೆಯಂತೆ. ತಮ್ಮ ಕಚೇರಿ ಏನನ್ನಾದರೂ ಸಂರಕ್ಷಿಸಿದೆಯಲ್ಲ, ಸಂತೋಷ.

ಈ ನೆಲ ನಮಗೆ ಹೇಗೆ ಬಂತು ಎಂದು ತಾವು ಕೇಳಬಹುದು. ನನ್ನ ಗಂಡನ ಮುತ್ತಜ್ಜ ಕರಕ್ ಸೀಮೆಯಿಂದ ಕುರಿಮಂದೆ ಹೊಡೆದುಕೊಂಡು ಬಂದು ಇಲ್ಲಿ ಮನೆಗೆ ಪಾಯ ತೋಡಿದಾಗ ಗುದ್ದಲಿಗೆ ಸಿಕ್ಕಿದ್ದು ಹಳೆಯ ಇಗರ್ಜಿಯೊಂದರ ನೆಲ. ಬಣ್ಣಬಣ್ಣದ ಹರಳು ಜೋಡಿಸಿ ಮಾಡಿದ ಚಿತ್ರ: ದಾಳಿಂಬೆ ಮರ, ಅದರ ಎರಡು ಪಕ್ಕ ಜಿಂಕೆ, ಕೆಳಗೆ ದ್ರಾಕ್ಷಿಬುಟ್ಟಿ ಹೊತ್ತ ಒಬ್ಬ ಗಂಡಸು. ಅಕ್ಷರ ಬಾರದ ಆ ಕುರುಬ ಒಂದು ಹರಳನ್ನೂ ಕೀಳದೆ ಸುತ್ತಲೂ ಗೋಡೆ ಎಬ್ಬಿಸಿದ. ನಮ್ಮ ಊಟ, ಜಗಳ, ಹೆರಿಗೆ ಎಲ್ಲ ಅದರ ಮೇಲೆಯೇ ಆದವು. ನನ್ನ ಗಂಡನ ಹೆಣ ಮಲಗಿಸಿದ್ದೂ ಅದರ ಮೇಲೆಯೇ. ಈಸ್ಟರ್ ಹಿಂದಿನ ಶನಿವಾರ ಜಮಖಾನೆ ಎತ್ತಿ, ನಮ್ಮತ್ತೆ ಫಿದ್ದಾ ಒಂದು ಹೂಜಿ ನೀರು ಚಿಮುಕಿಸಿ ಬಟ್ಟೆಯಿಂದ ಒರೆಸುತ್ತಿದ್ದರು. ಧೂಳು ಕುಡಿದು ಮಂಕಾಗಿದ್ದ ಕೆಂಪು, ಹಸಿರು ಮೇಲೆದ್ದು ಬರುತ್ತಿದ್ದವು. ಬೀದಿಯವರು, ಮಸೀದಿಗೆ ಹೋಗುವವರೂ ಇಗರ್ಜಿಗೆ ಹೋಗುವವರೂ, ಬಂದು ನೋಡಿ ಏಲಕ್ಕಿ ಕಾಫಿ ಕುಡಿದು ಹೋಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಜಿಂಕೆಯ ಕಾಲಿನ ಬಳಿ ನೆಲ ಉಬ್ಬಿತು. ಹೆದರಿ ತಮಗೆ ತಿಳಿಸಿದೆ. ತಿಳಿಸಿದ್ದೇ ತಪ್ಪಾಯಿತು. ತಮ್ಮ ಪರಿವೀಕ್ಷಕರು ಬಂದು, ನಿಂತಲ್ಲಿಂದಲೇ ನೆಲ ನೋಡಿ, ಅತ್ತೆಯನ್ನು ವಿಚಾರಣೆಗೆ ಹಿಡಿದರು.

"ಏನಮ್ಮಾ, ಇದಕ್ಕೆ ನೀರು ಹಾಕ್ತೀರಂತೆ?"

"ವರ್ಷಕ್ಕೊಂದ್ಸಲ ಸ್ವಾಮಿ. ಒಂದೇ ಒಂದು ಹೂಜಿ."

"ಹಾಂ, ಅದೇ! ಈ ತೇವ ಎಲ್ಲಾ ಅದರಿಂದಾನೇ."

"ಅಯ್ಯೋ ನನ್ನಪ್ಪಾ, ಒಂದು ಹೂಜಿ ನೀರು ವರ್ಷವಿಡೀ ಇಂಗ್ತಾನೇ ಇರುತ್ತಾ? ಹಂಗಿದ್ರೆ ಆ ಹೂಜಿ ನೀವೇ ತಗೊಂಡೋಗಿ, ಮರುಭೂಮೀಲಿ ಗೋಧಿ ಬೆಳೀರಿ!"

ಅವರಿಗೆ ನಗು ಬರಲಿಲ್ಲ. ಆಜ್ಞೆ ಬಂತು: ನೆಲ ತೊಳೆಯಕೂಡದು, ಮನೆಯ ಸುತ್ತ ಅಗೆಯಕೂಡದು, ರಕ್ಷಣೆಗಾಗಿ ನೆಲದ ಮೇಲೆ ಮರಳು ಹಾಸತಕ್ಕದ್ದು. ತಮ್ಮ ಆಳುಗಳೇ ಬಂದು ಮರಳು ಸುರಿದರು. ತೇವ ಬರುತ್ತಿರುವುದು ಕೆಳಗಿನಿಂದ, ತಾವು ಮುಚ್ಚಿದ್ದು ಮೇಲಿನಿಂದ. ಜ್ವರ ಬಂದವನಿಗೆ ಕಂಬಳಿ ಹೊದಿಸಿ, ಮುಖ ಕಾಣದಿದ್ದರೆ ಕಾಯಿಲೆ ವಾಸಿಯಾಯಿತು ಎನ್ನುವ ವೈದ್ಯರನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಅಷ್ಟು ಸಾಲದೆಂಬಂತೆ ತಮ್ಮ ಕಚೇರಿ ಇದೇ ವಸಂತದಲ್ಲಿ ಪ್ರವಾಸಿಗಳಿಗೆ ಒಂದು ನಕ್ಷೆ ಅಚ್ಚು ಹಾಕಿಸಿತು. ಊರಿನ ಹಳೆಯ ಇಗರ್ಜಿಗಳನ್ನೂ ಮೊದಲ ಕ್ರೈಸ್ತರ ಕಲೆಯನ್ನೂ ಕಾಲ್ನಡಿಗೆಯಲ್ಲಿ ಅರಸಿರಿ ಎಂದು ಕರೆ. ಏಳನೆಯ ಗುರುತು ನಮ್ಮ ಮನೆ! ಜನ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಬೆತ್ಲೆಹೇಮಿನಿಂದ ಬಂದ ವಯಸ್ಸಾದ ದಂಪತಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏಳನೇದು ಎಲ್ಲಿದೆ ತಾಯೀ?" ಎಂದು ಕೇಳಿದರು.

"ಅದರ ಮೇಲೇ ನಿಂತಿದ್ದೀರಿ," ಎಂದರು ಅತ್ತೆ. "ಮರಳು ನೋಡ್ಕೊಳ್ಳಿ. ಸರ್ಕಾರದ್ದು, ತುಂಬಾ ಒಳ್ಳೆ ಮರಳು."

ಆ ಹೆಂಗಸು ಸಂಕೋಚಪಟ್ಟು ಮರಳಿನದೇ ಒಂದು ಫೋಟೋ ತೆಗೆದುಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ಸುಮ್ಮನೆ ಕೂತವಳಲ್ಲ. ನೀರು ಬಿಡುವ ಕಚೇರಿಗೆ ಹೋದೆ. "ಸಂರಕ್ಷಣೆಯವರ ಅಪ್ಪಣೆ ತನ್ನಿ, ಈಗಲೇ ರಿಪೇರಿ ಮಾಡ್ತೀವಿ" ಎಂದರು. ತಮ್ಮ ಕಚೇರಿಗೆ ಬಂದೆ. "ಅಪ್ಪಣೆ ಕೇಳಬೇಕಾದೋರು ನೀರಿನೋರು, ನೀವಲ್ಲ" ಎಂದರು. ಮತ್ತೆ ಅಲ್ಲಿಗೆ. "ಕೇಳೋದಕ್ಕೆ ಅಲ್ಲಿ ಕೊಳವೆ ಒಡೆದಿದೆ ಅಂತ ಗೊತ್ತಾಗಬೇಕಲ್ಲಮ್ಮಾ, ಅಗೆದು ನೋಡದೆ ಹೆಂಗೆ ಹೇಳೋದು?" ಎಂದರು. ಮಾನ್ಯರೇ, ಅಗೆಯಲು ಅಗೆದಿರಬೇಕು ಎಂಬ ಈ ನಿಯಮ ಯಾರ ತಲೆಯಿಂದ ಬಂತು? ಅಲೆದಲೆದು ಕಾಲು ಸವೆಯಿತು. ಕೊನೆಗೆ ನಮ್ಮ ಬೀದಿಯ ಕೊಳಾಯಿ ಕೆಲಸದ ಅಬು ಘಾಲಿಬನ ಕೈಕಾಲು ಹಿಡಿದೆ. ಅವನು ಹಿಂಗೋಡೆಗೆ ಕಿವಿಯಿಟ್ಟ. ನನಗೂ ಇಡಿಸಿದ. ಸುರ್ ಎಂದು ನೀರು ಹರಿಯುವ ಸದ್ದು.

"ವಿದಾದಕ್ಕಾ, ಅಗೆದ್ರೆ ನನ್ನ ಲೈಸೆನ್ಸ್ ಹೋಗುತ್ತೆ," ಎಂದ. "ಆಮೇಲೆ ಮಕ್ಕಳಿಗೆ ಏನ್ ತಿನ್ನಿಸ್ಲಿ, ಕಲ್ಲಾ? ಬೈಕೋಬೇಡ ನನ್ನ."

ಬೈಯಲಿಲ್ಲ. ಬೈಯಬೇಕಾದವರು ಬೇರೆ ಇದ್ದಾರೆ.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಸರಿಯೇ. ಬುಟ್ಟಿ ಹೊತ್ತ ಆ ಗಂಡಸಿಗೆ ಮುಖವಿಲ್ಲ. ಬಹಳ ಹಿಂದೆ, ಚಿತ್ರದಲ್ಲಿ ಮನುಷ್ಯರ ಮುಖ ಇರಬಾರದು ಎಂಬ ಕಾಲವೊಂದು ಬಂದಾಗ ಅದನ್ನು ಅಳಿಸಿದರು. ಹೇಗೆ ಅಳಿಸಿದರು ಗೊತ್ತೇ? ಮುಖದ ಹರಳುಗಳನ್ನು ಬಿಡಿಸಿ, ಅವನ್ನೇ ಕಲಸಿ, ಅದೇ ಜಾಗದಲ್ಲಿ ಮತ್ತೆ ಸಮವಾಗಿ ಕೂರಿಸಿದರು. ಮುಖ ಹೋಯಿತು, ನೆಲ ಉಳಿಯಿತು. ಕಾಲಿಟ್ಟವರು ಎಡವಲಿಲ್ಲ. ಕೆಡಿಸಲು ಬಂದವರಿಗೆ ಇದ್ದ ಮರ್ಯಾದೆ ಕಾಪಾಡಲು ಬಂದವರಿಗೆ ಏಕಿಲ್ಲ? ಅವರಿಗೆ ಕಚೇರಿ ಇರಲಿಲ್ಲ, ಮೊಹರು ಇರಲಿಲ್ಲ. ಕೈಯಲ್ಲಿ ಕೆಲಸ ಇತ್ತು, ಮನಸ್ಸಿನಲ್ಲಿ ಅಳುಕು ಇತ್ತು. ತಮ್ಮಲ್ಲಿ ಇವೆರಡರಲ್ಲಿ ಯಾವುದಿದೆ?

ಕಳೆದ ಭಾನುವಾರ ತಡೆಯಲಾರದೆ ಮರಳಿನೊಳಗೆ ಕೈ ತೂರಿಸಿದೆ. ಮೇಲೆ ಒಣಗಿದೆ, ಮೊಣಕೈವರೆಗೆ ಹೋದರೆ ಕೆಸರು. ಕೈ ಎಳೆದುಕೊಂಡಾಗ ಮುಷ್ಟಿಯ ತುಂಬ ಹರಳು. ಕೆಂಪು ಹರಳು, ದಾಳಿಂಬೆಯವು. ಗಂಡ ಸತ್ತಾಗ ನಾಲ್ಕು ಜನರೆದುರು ತಡೆದುಕೊಂಡಿದ್ದವಳು ಅಂದು ಆ ಮರಳಿನ ಮೇಲೆ ಕೂತು ಬಾಯಿಬಿಟ್ಟು ಅತ್ತುಬಿಟ್ಟೆ. ಇದನ್ನು ಪತ್ರಿಕೆಯಲ್ಲಿ ಬರೆದುಕೊಳ್ಳಲು ನಾಚಿಕೆ ಇಲ್ಲ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಬರುವ ಸೋಮವಾರ ಬೆಳಿಗ್ಗೆಯೊಳಗೆ ಕೊಳವೆಯ ನೀರು ನಿಲ್ಲಿಸಿ, ಅಗೆಯಲು ಅಪ್ಪಣೆ ಕೊಡಿ. ಇದು ನನ್ನ ಬೇಡಿಕೆ. ಕೊಡದಿದ್ದರೆ ಹಿಂಗೋಡೆಯ ಬುಡಕ್ಕೆ ನಾನೇ ಗುದ್ದಲಿ ಹಾಕುತ್ತೇನೆ. ಅತ್ತೆಗೂ ಹೇಳಿದ್ದೇನೆ.

"ಪೊಲೀಸ್ನೋರು ಬಂದ್ರೆ ಅಗೆದೋಳು ನಾನೇ ಅನ್ನು," ಎಂದರು. "ಈ ವಯಸ್ಸಲ್ಲಿ ನನ್ನ ಏನ್ ಮಾಡ್ತಾರೆ?"

"ಗುದ್ದಲಿ ಎತ್ತೋಕೂ ಆಗಲ್ಲ ನಿಮ್ಮ ಕೈಲಿ. ಯಾರು ನಂಬ್ತಾರೆ?"

"ಒಂದು ಹೂಜಿ ನೀರು ಮನೆ ಮುಳುಗ್ಸುತ್ತೆ ಅಂತ ನಂಬಿದೋರು ಇದನ್ನ ನಂಬಲ್ವೇನೇ?"

ಆದರೆ ಮಾನ್ಯರೇ, ಅಗೆಯುವವಳು ನಾನೇ. ಬಂಧಿಸಲು ಜನ ಕಳಿಸುವುದಾದರೆ ಕಳಿಸಿ, ಬಾಗಿಲು ತೆರೆದೇ ಇರುತ್ತದೆ. ಅವರ ಜೊತೆ ಹರಳು ಜೋಡಿಸಲು ಬಲ್ಲವರೊಬ್ಬರನ್ನೂ ದಯವಿಟ್ಟು ಕಳಿಸಿ. ಕಿತ್ತು ಬಂದ ಹಣ್ಣಿನ ಹರಳನ್ನೆಲ್ಲ ನನ್ನ ತಲೆವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟಿದ್ದೇನೆ. ಜೈಲಿಗೆ ಹೋಗುವುದು ನನಗೆ ಕಷ್ಟವಲ್ಲ. ಯಾವ ಹರಳು ಯಾವ ಕೊಂಬೆಯದು ಎಂಬುದು ನನಗೆ ಗೊತ್ತಿಲ್ಲ.

ಇಂತಿ,
ತಮ್ಮ ಆಜ್ಞೆಯನ್ನು ಇಲ್ಲಿಯವರೆಗೆ ಪಾಲಿಸಿ ಕೆಟ್ಟ,
ವಿದಾದ್
ನಕ್ಷೆಯ ಏಳನೆಯ ಮನೆ, ಮಾದಬಾ