ಮೂತಿ ಬಗ್ಗಿದ ಸೀಟು

ಜೂನ್ 3, ಬೆಳಿಗ್ಗೆ

ತಪ್ಪೊಪ್ಪಿಗೆ. ಉಪನ್ಯಾಸಕ ವೃತ್ತಿಯ ಘನತೆಗೆ ಚ್ಯುತಿ ಬರುವಂತೆ, ಸ್ವಸ್ಥಚಿತ್ತನಾಗಿ, ನಿನ್ನೆ ಸೈಕಲ್ ಅಂಗಡಿಯಿಂದ ಬೋಲ್ಟ್ ಬಿಚ್ಚುವ ಒಂದು ಅಲೆನ್ ಕೀ ಕದ್ದೆ. ಪಶ್ಚಾತ್ತಾಪ ಇಲ್ಲ. ತನ್ನ ಹೊಸ ಸೈಕಲ್ಲಿನ ಸೀಟು ಒತ್ತುತ್ತದೆ ಎಂದಿದ್ದಳು ಹೆಂಡತಿ. ಸೀಟಿನ ಮೂತಿ ಸ್ವಲ್ಪ ಬಗ್ಗಿಸಪ್ಪಾ ಎಂದರೆ ಆ ಮೆಕ್ಯಾನಿಕ್ ಮಹಾಶಯ, “ಓಡಿಸೋರು ಹತ್ತಿ ಕೂರದೆ ಬೋಲ್ಟ್ ಮುಟ್ಟಲ್ಲ ಸಾರ್” ಅಂದ. ನನಗೆ! ಕಾಲೇಜಿನ ಸೈಕಲ್ ರೇಸಿನಲ್ಲಿ ಕಪ್ ಗೆದ್ದವನಿಗೆ! ಆ ಕಪ್ಪಿನಲ್ಲಿ ಇವಳು ಅಂಗಿ ಗುಂಡಿ ತುಂಬಿಟ್ಟಿದ್ದಾಳೆ — ಅದು ಬೇರೆ ಸಿಟ್ಟು.

ಜೂನ್ 4

ಸೀಟಿನ ಮೂತಿ ಒಂದು ಬೆರಳು ಕೆಳಗೆ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ತೆಗೆದು ಪೇಟೆಯಿಂದ ತಂದ ಗಿಡ್ಡದ್ದು ಹಾಕಿದೆ. ಗೋಡೆಗೆ ಒರಗಿಸಿ ನೋಡಿದೆ. ಆಹಾ.

ಜೂನ್ 9

ಟೈಲರ್ ಅಂಗಡಿಯ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬಂದವಳೇ ಕೈ ಕೊಡವಿದಳು. “ರೀ, ಬೆರಳೆಲ್ಲ ಜೋಮು. ಇವತ್ತು ಸೂಜೀಗೆ ದಾರ ಪೋಣಿಸಕ್ಕೇ ಆಗ್ಲಿಲ್ಲ.”

“ಹ್ಯಾಂಡಲ್ ಅಷ್ಟು ಬಿಗಿಯಾಗಿ ಹಿಡೀಬೇಡ.”

“ಹಿಡೀದಿದ್ರೆ ಎತ್ತೆತ್ತಲೋ ಹೋಗತ್ತೆ. ನೀವೇ ಒಂದು ರೌಂಡ್ ಹೋಗ್ಬನ್ನಿ.”

ಮಂಡಿ ನೋವು ಅಂದೆ.

ಜೂನ್ 16

ಕೋಟಿನ ತೋಳು ಸೊಟ್ಟಗೆ ಹೊಲಿದಳಂತೆ. “ಇನ್ನೊಂದು ಕೆಟ್ರೆ ಕತ್ತರಿ ಮುಟ್ಬೇಡ, ಗುಂಡಿ ಹಚ್ಕೊಂಡಿರು” ಅಂದನಂತೆ ಮಾಲೀಕ. ಹದಿನೆಂಟು ವರ್ಷ ಪಳಗಿದ ಕೈಗೆ ಈ ಮಾತು! ಅವನ ಮೇಲೆ ಸಿಟ್ಟು, ಮೆಕ್ಯಾನಿಕ್ ಮೇಲೆ ಸಿಟ್ಟು, ಸೈಕಲ್ ಕಂಪನಿಯ ಮೇಲೆ ಸಿಟ್ಟು. ಮೂತಿ ಇನ್ನೊಂದು ಬೆರಳು ಇಳಿಸಿದೆ. ಈಗ ಸೀಟಿಗೂ ನನಗೂ ಒಂದೇ ಮೂತಿ.

ಜೂನ್ 17, ಸಂಜೆ

ನನ್ನನ್ನು ಕೇಳದೆ ಸೈಕಲ್ಲನ್ನು ಆ ಮೆಕ್ಯಾನಿಕ್ ಹತ್ತಿರವೇ ಒಯ್ದಿದ್ದಾಳೆ! ಜಗಳಕ್ಕೆಂದೇ ಹೋದೆ. ಅವನೇ ಶುರು ಮಾಡಿದ.

“ಯಾವ ಪುಣ್ಯಾತ್ಮ ಸಾರ್ ಇದನ್ನ ಮುಟ್ಟಿದ್ದು? ಸೀಟು ಮುಂದಕ್ಕೆ ಜಾರಿಸತ್ತೆ, ಮೈಭಾರ ಎಲ್ಲ ಅಂಗೈ ಮೇಲೆ. ಹತ್ತು ಗಜ ಓಡಿಸಿದ್ರೆ ಮಗೂಗೂ ಗೊತ್ತಾಗತ್ತೆ.”

“ಇವ್ರು ರೇಸ್ ಗೆದ್ದೋರು ಕಣಪ್ಪಾ, ಇವ್ರೇ…” ಎನ್ನುತ್ತಾ ಇವಳು ನನ್ನತ್ತ ತಿರುಗಿದಳು. ನೋಡಿದಳು. ಬಹಳ ಹೊತ್ತು ನೋಡಿದಳು.

ಅವನು ಸೀಟು ಮಟ್ಟಸ ಮಾಡಿ ಮೊದಲಿನಂಥದ್ದೇ ಸ್ಟೆಮ್ ಹಾಕಿಕೊಟ್ಟ. ಇವಳು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದರ ಬೆರಳು ಆಡಿಸುತ್ತಾ ಹೊರಟೇ ಹೋದಳು. ಕದ್ದಿದ್ದ ಕೀ ಅವನ ಮೇಜಿನ ಮೇಲಿಟ್ಟು ನಡೆದು ಬಂದೆ. ಹಾಳಾದ್ದು ಎರಡು ಮೈಲಿ.

ಜೂನ್ 18, ಬೆಳಿಗ್ಗೆ

ಗುಂಡಿಗಳನ್ನೆಲ್ಲ ಡಬ್ಬಕ್ಕೆ ಸುರಿದು, ಕಪ್ಪನ್ನು ಫಳಫಳ ಉಜ್ಜಿ ಈ ಡೈರಿಯ ಮೇಲೇ ಇಟ್ಟು ಹೋಗಿದ್ದಾಳೆ. ಕಪ್ಪಿನ ಮೇಲಿನ ಅಕ್ಷರ ಈಗ ಸ್ಪಷ್ಟ. ಕೇರಂ. ದ್ವಿತೀಯ ಬಹುಮಾನ.

ಮಂಡಿಗೆ ಏನೂ ಆಗಿಲ್ಲ. ಸೈಕಲ್ ಹೊಡೆಯೋದಕ್ಕೆ ನನಗೆ ಯಾವತ್ತೂ ಬಂದೇ —