ಗೌಜಲ ಹಕ್ಕಿಗೆ ನಿಮ್ಮ ಆಮಂತ್ರಣ ತಲುಪಿರಲಿಲ್ಲ

ಕಾಲೊನಿಯ ಮನರಂಜನಾ ಅಧಿಕಾರಿಗಳೇ,

ನಿಮ್ಮ ಮರ್ಯಾದೆ ಹೋದದ್ದಕ್ಕೆ ನಮ್ಮ ಬೇಲಿ ಕಡಿಸುವುದು ಯಾವ ನ್ಯಾಯ? ಇದನ್ನು ಕೇಳಲು ಕಚೇರಿಗೆ ಬಂದರೆ ನೀವು ಸದಾ ಮೀಟಿಂಗಿನಲ್ಲಿರುತ್ತೀರಿ. ನೀವೂ ಕುಂದಾಪುರದ ಕಡೆಯವರು, ಕನ್ನಡ ಬಲ್ಲವರು. ಆದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಎಲ್ಲರೆದುರೇ ಕೇಳುತ್ತಿದ್ದೇನೆ.

ಅಬುಧಾಬಿಯ ಈ ರುವೈಸಿಗೆ ಚಳಿ ಕಾಲಿಡುತ್ತಲೇ ಬೇಟೆಯ ಋತುವನ್ನು ಸ್ವಾಗತಿಸುವುದು ಈ ನೆಲದ ಹಳೆಯ ಸಂಪ್ರದಾಯ. ಅದನ್ನು ನಮ್ಮಲ್ಲೂ ಆಚರಿಸಬೇಕೆಂದು ನಿಮಗೆ ಅನಿಸಿದ್ದು ಒಳ್ಳೆಯದೇ. ಹುಲ್ಲುಹಾಸಿನ ಮೇಲೆ ಡೇರೆ, ಖರ್ಜೂರ, ದೊಡ್ಡ ತಟ್ಟೆಯಲ್ಲಿ ಮಟನ್ ಬಿರಿಯಾನಿ, ಮುಂಗೈ ಮೇಲೆ ಗಿಡುಗವನ್ನು ಕೂರಿಸಿಕೊಂಡ ಹಿರಿಯ ಅರಬ್ ಬೇಟೆಗಾರರು, ಎಲ್ಲವೂ ಇತ್ತು. ನಿಮ್ಮ ಭಾಷಣವೂ ಇತ್ತು, ತುಸು ಹೆಚ್ಚೇ ಇತ್ತು. ಬೇಟೆಗಾರರು ಹಗ್ಗಕ್ಕೆ ಕಟ್ಟಿದ ರೆಕ್ಕೆಗಳನ್ನು ಬೀಸುವುದು, ಗಿಡುಗ ಅದನ್ನು ಹಾರಿ ಹಿಡಿಯುವುದು, ನಾವು ಚಪ್ಪಾಳೆ ತಟ್ಟುವುದು ಎಂದು ನಿಗದಿಯಾಗಿತ್ತು. ಅಷ್ಟರಲ್ಲಿ ನಮ್ಮ ಮನೆ ಹಿಂದಿನ ಬೇಲಿಯ ಗೌಜಲ ಹಕ್ಕಿ ಮೇಯಲು ಬಂತು. ಗಿಡುಗ ಕಂಡಿತು, ಗೌಜಲು ಓಡಿತು. ಆ ಬಯಲಿನಲ್ಲಿ ಅದಕ್ಕೆ ಕಂಡ ಒಂದೇ ಆಸರೆ ನಿಮ್ಮ ಕುರ್ಚಿಗೆ ಹೊದಿಸಿದ್ದ ಸ್ಯಾಟಿನ್ ಬಟ್ಟೆ. ನೀವು ಮೈಕ್ ಸಮೇತ ಕುರ್ಚಿ ಹತ್ತಿ, "ಅಯ್ಯಯ್ಯೋ, ಹಿಡೀರಿ ಮಾರಾಯ್ರೆ!" ಎಂದದ್ದು ಇಡೀ ಕಾಲೊನಿಗೆ ಕೇಳಿಸಿತು. ಗಿಡುಗ ಬುದ್ಧಿವಂತ, ಬಿರಿಯಾನಿಯ ಮೇಲಿಳಿದು ಮಟನ್ ಹರಿಯತೊಡಗಿತು. "ಖಲಾಸ್!" ಎಂದು ಬೇಟೆಗಾರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎಲ್ಲರೂ ನಕ್ಕರು, ನೀವೊಬ್ಬರನ್ನು ಬಿಟ್ಟು. ವಾಟ್ಸಾಪಿನಲ್ಲಿ ಇನ್ನೂ ನಗುತ್ತಿದ್ದಾರೆ.

ಮರುದಿನವೇ ನಿಮ್ಮ ಆಜ್ಞೆ ಹೊರಟಿತು: "ಕಾರ್ಯಕ್ರಮಕ್ಕೆ ಅಡ್ಡಿಪಡಿಸುವ ಪಕ್ಷಿಗಳ ಅಡಗುತಾಣ"ವನ್ನು ತೆರವುಗೊಳಿಸಬೇಕು! ಬೇಟೆಯ ಹಬ್ಬಕ್ಕೆ ಹಕ್ಕಿ ಬಂದದ್ದು ಅಡ್ಡಿಯೇ ಸ್ವಾಮಿ? ಮದುವೆಗೆ ಮದುಮಗಳು ಬಂದರೂ ಹೀಗೇ ಅನ್ನುತ್ತೀರಾ?

ನಿನ್ನೆ ಬೇಲಿ ಕಡಿಯುವ ಯಂತ್ರ ಬಂತು. ಪಕ್ಕದ ಮನೆಯ ಮೆಹರುನ್ನಿಸ ಅದರೆದುರು ಕುರ್ಚಿ ಹಾಕಿ ಕೂತುಬಿಟ್ಟರು.

"ಒಳಗೆ ಮರಿಗಳುಂಟು ವಸಂತಿಯಕ್ಕ. ಬೇಲಿ ಹೋದ್ರೆ ಅವು ಎಲ್ಲಿಗೆ ಹೋಗುದು? ನಾನು ಏಳುದಿಲ್ಲ."

ನಾನೂ ಕುರ್ಚಿ ತಂದೆ. ತೋಟದ ಕೆಲಸದವರು ಬಗ್ಗಿ ನೋಡಿದರು. ಒಣಗಿದ ಎಲೆಯ ಬಣ್ಣದ ಮರಿಗಳು ತಾಯಿಯ ಹೊಟ್ಟೆಯಡಿಗೆ ನುಗ್ಗುತ್ತಿದ್ದವು. ಅವರು ಯಂತ್ರ ಆರಿಸಿ, ಚಹಾ ಕುಡಿದು, "ಸಾಹೇಬರು ಬೇಡ ಅಂದರೆ ನಮಗೂ ಖುಷಿ. ಇಲ್ಲವಾದರೆ ಭಾನುವಾರ ಬರಲೇಬೇಕು" ಎಂದು ಹೋದರು.

ಆದ್ದರಿಂದ ಆಜ್ಞೆಯನ್ನು ಈ ವಾರವೇ ಹಿಂತೆಗೆದುಕೊಳ್ಳಿ. ಬೇಕಿದ್ದರೆ ಒಂದು ಸಂಜೆ ಬಂದು, ಸದ್ದಿಲ್ಲದೆ ಕೂತು ಮರಿಗಳನ್ನು ನೋಡಿ. ನಿಮ್ಮ ಶ್ರೀಮತಿಯವರು ಈಗಾಗಲೇ ನೋಡಿದ್ದಾರೆ. ಭಾನುವಾರ ತಾವೂ ಒಂದು ಕುರ್ಚಿ ತರುತ್ತಾರಂತೆ.

ಇಂತಿ,
ವೀಸಾದ ಪ್ರಕಾರ ಗಂಡನ ಅವಲಂಬಿತೆ, ಸದ್ಯಕ್ಕೆ ಬೇಲಿಯ ಕಾವಲುಗಾರ್ತಿ,
ವಸಂತಿ